ಸೆರೆಹಿಡಿಯದ ನೋಟ

ಹಳೆಯ ಮದರಾಸು ರಸ್ತೆಯ ಟಿನ್ ಫ್ಯಾಕ್ಟರಿ ನಿಲ್ದಾಣದಲ್ಲಿ ಬೆಳಗಿನ ಐದೂವರೆ ಗಂಟೆಗೇ ದಿನವು ಆರಂಭವಾಗಿರುತ್ತದೆ. ಹೊಸಕೋಟೆ, ಕೋಲಾರದ ಕಡೆಗೆ ಹೋಗುವ ಬಸ್ಸುಗಳ ನಿರ್ವಾಹಕರು ಊರ ಹೆಸರುಗಳನ್ನು ಕೂಗುತ್ತಿರುತ್ತಾರೆ. ಒಂದು ಕಡೆ ವಾಹನಗಳ ಸಾಲು, ಇನ್ನೊಂದು ಕಡೆ ಮೆಟ್ರೊ ಮಾರ್ಗ. ನಿವೃತ್ತನಾದ ಮೇಲೆ ತಿಂಗಳಿಗೆ ಎರಡು ಭಾನುವಾರವಾದರೂ ನಾನು ಕ್ಯಾಮೆರಾ ಚೀಲವನ್ನು ಹೆಗಲಿಗೇರಿಸಿಕೊಂಡು ಇಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಹೊಸಕೋಟೆ ಕೆರೆಗೆ ಹೋಗುತ್ತೇನೆ. ಹಕ್ಕಿಗಳ ಚಿತ್ರ ತೆಗೆಯುವುದು ನನ್ನ ನಲವತ್ತು ವರ್ಷಗಳ ಹವ್ಯಾಸ.

ಕಳೆದ ಚಳಿಗಾಲದ ಒಂದು ಮುಂಜಾನೆ ಅದೇ ನಿಲ್ದಾಣದಲ್ಲಿ ಕ್ಯಾಮೆರಾ ಹಿಡಿದ ತರುಣನೊಬ್ಬ ಜೊತೆಯಾದ. ಕೆರೆಯ ದಂಡೆಗೆ ತಲುಪಿದಾಗ ಮಂಜು ಇನ್ನೂ ಕರಗಿರಲಿಲ್ಲ. ತಗ್ಗು ನೀರಿನಲ್ಲಿ ಬಣ್ಣದ ಕೊಕ್ಕರೆಗಳ ಗುಂಪೊಂದು ಅಲುಗಾಡದೆ ನಿಂತಿತ್ತು. ಹತ್ತು ನಿಮಿಷ ಕಾದ ತರುಣ ಬಗ್ಗಿ ಒಂದು ಕಲ್ಲನ್ನು ಕೈಗೆತ್ತಿಕೊಂಡ.

“ಸರ್, ಒಂದು ಕಲ್ಲು ಎಸೆದರೆ ಎಲ್ಲವೂ ಒಟ್ಟಿಗೆ ಹಾರ್ತವೆ. ಒಳ್ಳೆಯ ಚಿತ್ರ ಸಿಗುತ್ತೆ.”

“ಬೇಡಪ್ಪ, ಅವು ತಾವಾಗಿಯೇ ಹಾರುವವರೆಗೆ ಕಾಯೋಣ” ಎಂದೆ.

“ಹಕ್ಕಿಗೆ ಹೊಡೆಯೋದಿಲ್ಲ ಸರ್, ನೀರಿಗೆ ಎಸೀತೀನಿ. ಇದರಲ್ಲಿ ಹಿಂಸೆ ಏನು ಬಂತು?”

ಪ್ರಶ್ನೆ ಸಣ್ಣದಲ್ಲ. ಯಾವ ಜೀವಕ್ಕೂ ಪೆಟ್ಟು ತಗಲದಿದ್ದಲ್ಲಿ ಹಿಂಸೆ ಎಲ್ಲಿದೆ? ನನ್ನ ಬಳಿ ಇದಕ್ಕೆ ಉತ್ತರವಿತ್ತು. ಅದು ಗ್ರಂಥವನ್ನು ಓದಿ ಪಡೆದ ಉತ್ತರವಾಗಿರಲಿಲ್ಲ, ತಪ್ಪು ಮಾಡಿ ಪಡೆದದ್ದಾಗಿತ್ತು. ಅಂದು ಹಿಂದಿರುಗುವ ಬಸ್ಸಿನಲ್ಲಿ ಆತನಿಗೆ ಹೇಳಿದ ಸಂಗತಿಯನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಪಿಕಳಾರದ ಗೂಡು

1988ರಲ್ಲಿ ನಾನು ಮಲೆನಾಡಿನ ಒಂದು ಹಳ್ಳಿಯ ಶಾಲೆಯಲ್ಲಿ ಶಿಕ್ಷಕನಾಗಿದ್ದೆ. ಬೆಂಗಳೂರಿನಲ್ಲಿ ಕೊಂಡ ಹಳೆಯ ಕ್ಯಾಮೆರಾ ಒಂದು ನನ್ನಲ್ಲಿತ್ತು. ಒಂದು ಫಿಲ್ಮ್ ಸುರುಳಿಗೆ 36 ಚಿತ್ರಗಳು. ಸುರುಳಿಯನ್ನು ಕೊಳ್ಳಲು, ತೊಳೆಸಲು, ಮುದ್ರಿಸಲು ಸಂಬಳದ ಒಂದು ಭಾಗವೇ ಹೋಗುತ್ತಿತ್ತು. ಶಾಲೆಯ ಹಿಂದಿನ ಪೊದೆಯಲ್ಲಿ ಪಿಕಳಾರ ಹಕ್ಕಿಯ ಜೋಡಿಯೊಂದು ಗೂಡು ಕಟ್ಟಿ, ಮೂರು ಮರಿಗಳಿಗೆ ಗುಟುಕು ಕೊಡುತ್ತಿತ್ತು. ಎಲೆಗಳ ಮರೆಯಿಂದಾಗಿ ಗೂಡಿಗೆ ಬೆಳಕು ಸಾಲುತ್ತಿರಲಿಲ್ಲ. ನಾನು ಮರೆಯಾಗಿದ್ದ ಮೂರು ನಾಲ್ಕು ರೆಂಬೆಗಳನ್ನು ಹಿಂದಕ್ಕೆಳೆದು ದಾರದಿಂದ ಕಟ್ಟಿದೆ. ಬೆಳಕು ಬಿತ್ತು. ತಾಯಿಹಕ್ಕಿ ಕೊಕ್ಕಿನಲ್ಲಿ ಹುಳುವನ್ನು ಹಿಡಿದು ಬಂದದ್ದು, ಮೂರು ಮರಿಗಳು ಬಾಯ್ದೆರೆದದ್ದು, ಎಲ್ಲವೂ ಚಿತ್ರವಾಯಿತು. ನಾಳೆಯೂ ಬರುವವನಲ್ಲವೇ ಎಂದುಕೊಂಡು ದಾರವನ್ನು ಬಿಚ್ಚದೆ ಮನೆಗೆ ಹೋದೆ.

ಮರುದಿನ ಗೂಡು ಬರಿದಾಗಿತ್ತು. ಮರೆಯಿಲ್ಲದ ಗೂಡು ಕಾಗೆಯ ಕಣ್ಣಿಗೆ ಬಿತ್ತೋ, ಕೆಂಬೂತದ ಕಣ್ಣಿಗೆ ಬಿತ್ತೋ ತಿಳಿಯದು. ತಾಯಿಹಕ್ಕಿ ಮಾತ್ರ ಕೊಕ್ಕಿನಲ್ಲಿ ಹುಳುವನ್ನಿಟ್ಟುಕೊಂಡು ಪೊದೆಯಿಂದ ಪೊದೆಗೆ ಹಾರುತ್ತಿತ್ತು. ನಾನು ದಾರವನ್ನು ಬಿಚ್ಚಿದೆ. ರೆಂಬೆಗಳು ಮತ್ತೆ ತಮ್ಮ ಸ್ಥಾನಕ್ಕೆ ಬಂದು ಬರಿದಾದ ಗೂಡನ್ನು ಮುಚ್ಚಿದವು.

ಆ ಚಿತ್ರಕ್ಕೆ ಒಂದು ಪ್ರದರ್ಶನದಲ್ಲಿ ಪ್ರಥಮ ಬಹುಮಾನ ಬಂದಿತು. ಮನೆಯ ಗೋಡೆಯ ಮೇಲೆ ಅದನ್ನು ತೂಗುಹಾಕಿದಾಗ ನನ್ನ ತಾಯಿ ಬಹಳ ಹೊತ್ತು ನೋಡಿ, “ಮರಿಗಳು ದೊಡ್ಡವಾಗಿ ಹಾರಿಹೋದವೇನಪ್ಪ?” ಎಂದು ಕೇಳಿದರು. ನಾನು “ಹೌದಮ್ಮ” ಎಂದೆ. ಸೂರ್ಯಾಸ್ತದ ಮೊದಲೇ ಊಟ ಮುಗಿಸಿ, ನೀರನ್ನು ಸೋಸಿ ಕುಡಿಯುತ್ತಿದ್ದ ತಾಯಿಗೆ ನಾನು ಹೇಳಿದ ಸುಳ್ಳು ಅದು. ಹಿಂಸೆಯ ಬೆನ್ನಿಗೇ ಅಸತ್ಯವೂ ಬಂದಿತು. ಒಂದು ವ್ರತ ಸಡಿಲಿದರೆ ಉಳಿದವು ತಾವಾಗಿ ಸಡಿಲುತ್ತವೆ ಎಂದು ಹಿರಿಯರು ಹೇಳುವುದು ಇದಕ್ಕೇ.

ಪ್ರಮಾದವೇ ಹಿಂಸೆಯ ಬೇರು

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯನ್ನು ನಿರೂಪಿಸುವ ರೀತಿ ಗಮನಾರ್ಹವಾದುದು. ಪ್ರಾಣಹಾನಿಯನ್ನಷ್ಟೇ ಅವರು ಹಿಂಸೆ ಎನ್ನುವುದಿಲ್ಲ. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳಿಂದ ಆಗುವ ಪ್ರಾಣಹಾನಿಯನ್ನು ಹಿಂಸೆ ಎನ್ನುತ್ತಾರೆ. ಪ್ರಮಾದವೆಂದರೆ ಕಷಾಯಗಳ ವಶವಾಗಿ ಎಚ್ಚರ ತಪ್ಪುವುದು. ಎಚ್ಚರದಿಂದ ನಡೆಯುವ ಮುನಿಯ ಪಾದದಡಿಯಲ್ಲಿ ಆಕಸ್ಮಿಕವಾಗಿ ಒಂದು ಕೀಟ ಸತ್ತರೆ ಅವರಿಗೆ ಹಿಂಸೆಯ ದೋಷವಿಲ್ಲ. ಎಚ್ಚರವಿಲ್ಲದೆ ನಡೆದವನಿಂದ ಯಾವ ಜೀವವೂ ಸಾಯದಿದ್ದರೂ ದೋಷ ತಪ್ಪದು. ಏಕೆಂದರೆ ಅವನು ಮೊದಲು ಘಾತಿಸಿದ್ದು ತನ್ನ ಆತ್ಮದ ಶುದ್ಧಭಾವವನ್ನು.

ನಾನು ಮರಿಗಳನ್ನು ಕೊಲ್ಲಬೇಕೆಂದು ಬಯಸಿರಲಿಲ್ಲ. ಬಯಸಿದ್ದು ಚಿತ್ರವನ್ನು. ಆ ಲೋಭವು ಕಣ್ಣನ್ನು ಎಷ್ಟು ಮುಚ್ಚಿತೆಂದರೆ, ಎಲೆಗಳು ಅಲ್ಲಿದ್ದುದು ಮರಿಗಳ ರಕ್ಷಣೆಗಾಗಿ ಎಂಬ ಸರಳ ಸತ್ಯವೂ ಕಾಣಲಿಲ್ಲ. ಮಕ್ಕಳಿಗೆ ವಿಜ್ಞಾನವನ್ನು ಬೋಧಿಸುವವನಿಗೆ ಕಾಣದಿದ್ದುದು ಅದು!

ಇನ್ನೊಂದು ಸಂಗತಿ ನನಗೆ ತಿಳಿದದ್ದು ಬಹುಕಾಲದ ನಂತರ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ‘ಬೇಟೆ’ ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲದೆ, ಕಾಡುಪ್ರಾಣಿಗಳನ್ನು ಬೆದರಿಸಿ ಅಟ್ಟುವುದು, ಆಮಿಷವೊಡ್ಡಿ ಸೆಳೆಯುವುದು, ಹಕ್ಕಿಗಳ ಗೂಡನ್ನೂ ಮೊಟ್ಟೆಗಳನ್ನೂ ಕದಡುವುದು ಇವೆಲ್ಲವೂ ಸೇರಿವೆ. ಜೈನ ಶ್ರಾವಕನು ಮೊದಲ ಮೆಟ್ಟಿಲಲ್ಲಿಯೇ ತ್ಯಜಿಸಬೇಕಾದ ಸಪ್ತವ್ಯಸನಗಳಲ್ಲಿ ಬೇಟೆಯೂ ಒಂದು. ತಲೆತಲಾಂತರದಿಂದ ನಮ್ಮ ಮನೆಯಲ್ಲಿ ಯಾರೂ ಕೋವಿಯನ್ನು ಮುಟ್ಟಿದವರಲ್ಲ. ಆದರೂ ಶಾಸ್ತ್ರ ಮತ್ತು ಶಾಸನಗಳೆರಡರ ಕಣ್ಣಿನಲ್ಲಿಯೂ ನಾನು ಬೇಟೆಯಾಡಿದ್ದೆ.

ಕೆಲವು ವರ್ಷಗಳು ಕಳೆದ ಮೇಲೆ ನಮ್ಮ ಕಡೆಗೆ ವಿಹಾರ ಬಂದಿದ್ದ ಮುನಿಮಹಾರಾಜರೊಬ್ಬರ ಮುಂದೆ ಇದನ್ನು ಆಲೋಚನೆ ಮಾಡಿಕೊಂಡೆ. ಗುರುವಿನ ಎದುರಿನಲ್ಲಿ ಮುಚ್ಚುಮರೆಯಿಲ್ಲದೆ ದೋಷವನ್ನು ನಿವೇದಿಸಿಕೊಳ್ಳುವುದನ್ನು ನಮ್ಮಲ್ಲಿ ‘ಆಲೋಚನೆ’ ಎನ್ನುತ್ತಾರೆ. ಚಿತ್ರವನ್ನು ಹರಿದುಹಾಕಲೇ ಎಂದು ಕೇಳಿದೆ. ಮಹಾರಾಜರು, “ಹರಿದರೆ ಮರೆತುಬಿಡುತ್ತೀಯೆ. ಇಟ್ಟುಕೋ. ಯಾರಿಗೆ ತೋರಿಸಿದರೂ ಅದರ ಕಥೆಯನ್ನೂ ಹೇಳು. ಮೊದಲು ನಿನ್ನ ತಾಯಿಗೆ ಹೇಳು” ಎಂದರು. ಹೇಳಿದೆ. ತಾಯಿ ಏನನ್ನೂ ಅನ್ನಲಿಲ್ಲ. ಮರುದಿನ ಬಸದಿಗೆ ಹೋಗಿ ಬಂದ ಮೇಲೆ, “ಇನ್ನು ಮುಂದೆ ನೋಡಿ ನಡೆ” ಎಂದಷ್ಟೇ ಹೇಳಿದರು.

ನೋಡಿ ನಡೆಯುವ ವಿದ್ಯೆ

‘ನೋಡಿ ನಡೆ’ ಎಂಬುದೇ ಈರ್ಯಾ ಸಮಿತಿ. ಮಹಾವ್ರತಿಗಳಾದ ಮುನಿಗಳಿಗೆ ವಿಹಿತವಾದ ಐದು ಸಮಿತಿಗಳನ್ನು ಗೃಹಸ್ಥನು ತನ್ನ ಶಕ್ತಿಗೆ ತಕ್ಕಷ್ಟು ಅನುಸರಿಸಬಹುದು. ಕಾಡು, ಕೆರೆಗಳಲ್ಲಿ ಕ್ಯಾಮೆರಾ ಹಿಡಿದು ತಿರುಗುವವನಿಗಂತೂ ಅವು ಹೇಳಿ ಮಾಡಿಸಿದಂತಿವೆ.

ಈರ್ಯಾ ಸಮಿತಿ ಎಂದರೆ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುವುದು. ಟಿಟ್ಟಿಭವು ಗೂಡನ್ನೇ ಕಟ್ಟುವುದಿಲ್ಲ. ಬಯಲಿನ ಕಲ್ಲುಗಳ ನಡುವೆ, ಕಲ್ಲುಗಳದೇ ಬಣ್ಣದ ಮೊಟ್ಟೆಗಳನ್ನಿಡುತ್ತದೆ. ಆಕಾಶವನ್ನೇ ನೋಡುತ್ತ ನಡೆಯುವ ಛಾಯಾಗ್ರಾಹಕನ ಪಾದವು ಒಂದು ಸಂಸಾರವನ್ನೇ ಅಳಿಸಬಲ್ಲದು. ಭಾಷಾ ಸಮಿತಿಯು ಹಿತಮಿತವಾಗಿ ಮಾತನಾಡಲು ಕಲಿಸುತ್ತದೆ. ಅಪರೂಪದ ಹಕ್ಕಿಯ ಗೂಡು ಎಲ್ಲಿದೆಯೆಂದು ಜಾಲತಾಣದಲ್ಲಿ ಸಾರಿದರೆ ಮರುದಿನ ನೂರು ಜನ ಅಲ್ಲಿ ನೆರೆಯುತ್ತಾರೆ. ಮೌನವೇ ಅಲ್ಲಿ ರಕ್ಷಣೆ. ಧ್ವನಿಮುದ್ರಿಸಿದ ಕೂಗನ್ನು ಕೇಳಿಸಿ ಹಕ್ಕಿಯನ್ನು ಹತ್ತಿರಕ್ಕೆ ಕರೆಯುವುದೂ ಮಾಯಾಕಷಾಯವೇ. ತನ್ನ ಎಲ್ಲೆಗೆ ಎದುರಾಳಿ ಬಂದಿದೆಯೆಂದು ಕಳವಳಗೊಂಡು ಅದು ಬರುತ್ತದೆ. ಮರಿಗಳಿಗೆ ಆಹಾರ ತರಬೇಕಾದ ಹೊತ್ತು ಇಲ್ಲದ ಶತ್ರುವನ್ನು ಹುಡುಕುವುದರಲ್ಲಿ ಕಳೆದುಹೋಗುತ್ತದೆ. ಏಷಣಾ ಸಮಿತಿಯು ನಿರ್ದೋಷವಾದ ಆಹಾರಕ್ಕೆ ಸಂಬಂಧಿಸಿದ್ದು. ಚಿತ್ರಕ್ಕಾಗಿ ಪ್ರಾಣಿಗೆ ಆಹಾರದ ಆಸೆ ತೋರಿಸುವವನು ಅದನ್ನು ನೆನೆಯಬೇಕು. ಆದಾನ-ನಿಕ್ಷೇಪಣ ಸಮಿತಿಯೆಂದರೆ ವಸ್ತುವನ್ನು ನೋಡಿ ಎತ್ತುವುದು, ನೋಡಿ ಇಡುವುದು. ಕ್ಯಾಮೆರಾದ ಮುಕ್ಕಾಲಿಯನ್ನು ಊರುವ ಮೊದಲು ನಾನು ಈಗಲೂ ಬಗ್ಗಿ ಇರುವೆಯ ಸಾಲನ್ನು ಹುಡುಕುತ್ತೇನೆ. ಕೊನೆಯದು ಉತ್ಸರ್ಗ ಸಮಿತಿ. ತ್ಯಾಜ್ಯವನ್ನು ಜೀವಿಗಳಿಗೆ ಬಾಧೆಯಾಗದಂತೆ ವಿಸರ್ಜಿಸುವುದು. ಕೆರೆಯ ದಂಡೆಯ ಮೇಲೆ ಬಿದ್ದಿರುವ ಪ್ಲಾಸ್ಟಿಕ್ ಬಾಟಲಿಗಳು ಈ ಸಮಿತಿಯ ಅಗತ್ಯವನ್ನು ದಿನವೂ ಹೇಳುತ್ತಿವೆ.

ಇದು ಜೈನರಿಗಷ್ಟೇ ಸೇರಿದ ವಿವೇಕವಲ್ಲ. ನಮ್ಮ ಬೆಂಗಳೂರಿನವರೇ ಆದ ಟಿ.ಎನ್.ಎ. ಪೆರುಮಾಳ್ (1932–2017) ಭಾರತದ ವನ್ಯಜೀವಿ ಛಾಯಾಗ್ರಹಣಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಫೆಲೋಶಿಪ್ ಪಡೆದವರು. ಹಲವಾರು ಕಿರಿಯರಿಗೆ ಗುರುವಾದವರು. ಸಂಡೂರಿನ ರಾಜಮನೆತನದವರೂ ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಎಂ.ವೈ. ಘೋರ್ಪಡೆ (1931–2011) ರಾಜಕಾರಣದ ನಡುವೆಯೂ ಕಾಡಿಗೆ ಹೋಗಿ ಕಪ್ಪು-ಬಿಳುಪಿನ ಚಿತ್ರಗಳನ್ನು ತೆಗೆದವರು. ಅರಸು ಮನೆತನಗಳಿಗೆ ಬೇಟೆಯೇ ವಿನೋದವಾಗಿದ್ದ ಕಾಲವನ್ನು ನೆನೆದರೆ, ಆ ಕೈಗಳಿಗೆ ಕ್ಯಾಮೆರಾ ಬಂದದ್ದು ಸಣ್ಣ ಪರಿವರ್ತನೆಯಲ್ಲ. ಚಿತ್ರಕ್ಕಿಂತ ಜೀವಿಯ ಕ್ಷೇಮ ದೊಡ್ಡದು ಎಂಬುದು ಈ ಕ್ಷೇತ್ರದ ಬಲ್ಲವರು ಜಗತ್ತಿನಾದ್ಯಂತ ಒಪ್ಪಿದ ಮೊದಲ ನಿಯಮ. 2014ರಲ್ಲಿ ಮೂರು ದೊಡ್ಡ ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ಸೇರಿ, ನಿಸರ್ಗದ ಚಿತ್ರಕ್ಕೆ ಇಲ್ಲದ್ದನ್ನು ಸೇರಿಸುವುದಾಗಲಿ, ಇದ್ದುದನ್ನು ಅಳಿಸುವುದಾಗಲಿ ಸಲ್ಲದೆಂದು ನಿರ್ಧರಿಸಿದವು. ಒಂದು ಅಹಿಂಸೆ, ಇನ್ನೊಂದು ಸತ್ಯ. ಹೆಸರು ಬೇರೆಯಾದರೂ ವ್ರತ ಅದೇ.

ಎಷ್ಟು ಚಿತ್ರ ಬೇಕು?

1999ರಲ್ಲಿ ಸಹೋದ್ಯೋಗಿ ರಸಾಯನಶಾಸ್ತ್ರದ ಶಿಕ್ಷಕರೊಬ್ಬರು ಮಾತಿನ ನಡುವೆ ಒಂದು ವಿಷಯವನ್ನು ಹೇಳಿದರು. ಫಿಲ್ಮ್ ಸುರುಳಿಯ ಮೇಲೆ ಬೆಳಕನ್ನು ಗ್ರಹಿಸುವ ಬೆಳ್ಳಿಯ ಕಣಗಳನ್ನು ಹಿಡಿದಿಡುವ ಪದರವು ಜೆಲಟಿನ್. ಅದು ತಯಾರಾಗುವುದು ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ. ಅಂದಿನವರೆಗೆ ನೂರಾರು ಸುರುಳಿಗಳನ್ನು ಬಳಸಿದ್ದವನಿಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಜೀವದಯೆಯ ಚಿತ್ರವನ್ನು ಮೂಳೆಯ ಸಾರದ ಮೇಲೆ ಬರೆಯುತ್ತಿದ್ದೆನಲ್ಲ ಎನಿಸಿತು. ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟೆ.

ಮುಂದಿನ ಒಂಬತ್ತು ವರ್ಷ ದೂರದರ್ಶಕ ಮಾತ್ರ ನನ್ನ ಕೈಯಲ್ಲಿತ್ತು. ನಿಜವಾಗಿ ನೋಡುವುದನ್ನು ನಾನು ಕಲಿತದ್ದು ಆಗಲೇ. ಕ್ಯಾಮೆರಾ ಇದ್ದಾಗ ಗುಳುಮುಳುಕವು ನೀರಿನಿಂದ ಮೇಲೇಳುವ ಕ್ಷಣವಷ್ಟೇ ಬೇಕಾಗಿತ್ತು. ಇಲ್ಲದಾಗ ಅದು ಮುಳುಗಿದ ಮೇಲಿನ ನೀರಿನ ಉಂಗುರವೂ ಕಾಣತೊಡಗಿತು. ಆತ್ಮದ ಸ್ವಭಾವವು ಜ್ಞಾತಾ-ದ್ರಷ್ಟಾ, ಅಂದರೆ ತಿಳಿಯುವುದು ಮತ್ತು ನೋಡುವುದು. ತನ್ನದಾಗಿಸಿಕೊಳ್ಳುವುದು ಅದರ ಸ್ವಭಾವವಲ್ಲ. ಅದು ಮೋಹದ ಕೆಲಸ. ಕನ್ನಡದಲ್ಲಿ ನಾವು ಚಿತ್ರವನ್ನು ‘ಸೆರೆಹಿಡಿದೆ’ ಎನ್ನುತ್ತೇವೆ. ಮಾತಿನಲ್ಲೇ ಸೆರೆಮನೆ ಇದೆ! ಮೂರ್ಛೆಯೇ ಪರಿಗ್ರಹ ಎಂದು ತತ್ತ್ವಾರ್ಥಸೂತ್ರವು ಹೇಳುವುದರ ತಾತ್ಪರ್ಯವೂ ಇದೇ. ವಸ್ತುವಿಗಿಂತಲೂ ‘ಇದು ನನ್ನದು’ ಎಂಬ ಮಮಕಾರವೇ ಬಂಧನ.

2008ರಲ್ಲಿ ಮಗಳು ತನ್ನ ಸಂಪಾದನೆಯಿಂದ ಡಿಜಿಟಲ್ ಕ್ಯಾಮೆರಾವೊಂದನ್ನು ತಂದುಕೊಟ್ಟಳು. ಇದರಲ್ಲಿ ಜೆಲಟಿನ್ ಸುರುಳಿ ಇಲ್ಲ. ಹಾಗೆಂದು ಇದು ಸಂಪೂರ್ಣ ನಿರ್ದೋಷವೆಂದು ನಾನು ಹೇಳಲಾರೆ. ಲೋಹ, ವಿದ್ಯುತ್ತು, ಪ್ರಯಾಣ ಎಲ್ಲದರಲ್ಲಿಯೂ ಆರಂಭಹಿಂಸೆ ಇದ್ದೇ ಇದೆ. ಗೃಹಸ್ಥನು ಸಂಕಲ್ಪಹಿಂಸೆಯನ್ನು ಪೂರ್ಣವಾಗಿ ಬಿಡಬೇಕು, ಉಳಿದುದನ್ನು ಕಡಿಮೆ ಮಾಡುತ್ತ ಸಾಗಬೇಕು ಎಂಬುದೇ ಮಾರ್ಗ. ಆದರೆ ಹೊಸ ಕ್ಯಾಮೆರಾದ ಜೊತೆ ಹೊಸ ಅಪಾಯವೊಂದು ಬಂದಿತು. ಗುಂಡಿಯನ್ನು ಒತ್ತಿ ಹಿಡಿದರೆ ಸೆಕೆಂಡಿಗೆ ಹಲವು ಚಿತ್ರಗಳು! ಒಂದೇ ಬೆಳಗಿನಲ್ಲಿ ಸಾವಿರ ಚಿತ್ರಗಳನ್ನು ಮನೆಗೆ ತಂದ ದಿನ, ಅವುಗಳಲ್ಲಿ ಒಂದನ್ನೂ ನೆಮ್ಮದಿಯಿಂದ ನೋಡಲಾಗಲಿಲ್ಲ. ಅಂದೇ ಪರಿಗ್ರಹ ಪರಿಮಾಣ ವ್ರತವನ್ನು ನೆನೆದು ನಿಯಮವೊಂದನ್ನು ತೆಗೆದುಕೊಂಡೆ. ಒಂದು ಹೊರಸಂಚಾರಕ್ಕೆ ಹಳೆಯ ಸುರುಳಿಯ ಲೆಕ್ಕದಲ್ಲಿ 36 ಚಿತ್ರಗಳು. 36 ಮುಗಿದ ಮೇಲೆ ಕ್ಯಾಮೆರಾ ಚೀಲಕ್ಕೆ, ಕಣ್ಣು ಕೆರೆಗೆ. ಮನೆಯ ಸಮೀಪದ ಬೆನ್ನಿಗಾನಹಳ್ಳಿ ಕೆರೆಯ ದಂಡೆಗೆ ಹೋದರೂ ಇದೇ ನಿಯಮ.

ದೃಷ್ಟಿ ಶುದ್ಧಿಯಾದರೆ

ಹಾಗಾದರೆ ಚಿತ್ರ ತೆಗೆಯುವುದೇ ಬೇಡವೇ ಎಂದು ಕೇಳಬಹುದು. ನಾನು ಹಾಗೆನ್ನುವುದಿಲ್ಲ. ಒಳ್ಳೆಯ ಚಿತ್ರವು ಮಿಥ್ಯಾದೃಷ್ಟಿಯನ್ನು ಕಳೆಯಬಲ್ಲದು. ಸೀಳುನಾಯಿಯನ್ನು ಬ್ರಿಟಿಷರ ಕಾಲದಲ್ಲಿ ಪೀಡೆಯೆಂದು ಎಣಿಸಿ, ಕೊಂದವರಿಗೆ ಇನಾಮು ಕೊಡುತ್ತಿದ್ದರು. ನಮ್ಮವರೇ ಆದ ಕೃಪಾಕರ ಮತ್ತು ಸೇನಾನಿ ವರ್ಷಗಟ್ಟಲೆ ಅವುಗಳನ್ನು ಹಿಂಬಾಲಿಸಿ ಚಿತ್ರೀಕರಿಸಿದರು; ಅವರ ‘ದ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ ‘ಗ್ರೀನ್ ಆಸ್ಕರ್’ ಎಂದು ಪ್ರಸಿದ್ಧವಾದ ಪ್ರಶಸ್ತಿ ಬಂದಿತು. ಕ್ರೂರವೆಂದು ಹೆಸರಾದ ಪ್ರಾಣಿ ತನ್ನ ಮರಿಗಳನ್ನು ಗುಂಪಾಗಿ ಸಾಕುವ ಸಂಸಾರಿಯಾಗಿ ಕಾಣತೊಡಗಿತು. ಪ್ರಾಣಿ ಬದಲಾಗಲಿಲ್ಲ, ನೋಡುವವರ ದೃಷ್ಟಿ ಬದಲಾಯಿತು.

ನಮ್ಮ ಪರಂಪರೆಗೆ ಇದು ಹೊಸತಲ್ಲ. 24 ತೀರ್ಥಂಕರರಲ್ಲಿ ಹೆಚ್ಚಿನವರ ಲಾಂಛನಗಳು ಪ್ರಾಣಿಪಕ್ಷಿಗಳೇ. ವೃಷಭನಾಥರಿಗೆ ವೃಷಭ, ಅಜಿತನಾಥರಿಗೆ ಆನೆ, ಶಾಂತಿನಾಥರಿಗೆ ಜಿಂಕೆ, ಮುನಿಸುವ್ರತರಿಗೆ ಆಮೆ, ಪಾರ್ಶ್ವನಾಥರಿಗೆ ಸರ್ಪ, ಮಹಾವೀರರಿಗೆ ಸಿಂಹ. ಮಹಾವೀರರ ಜೀವವು ಹಿಂದಿನ ಭವವೊಂದರಲ್ಲಿ ಸಿಂಹವೇ ಆಗಿದ್ದು, ಚಾರಣಮುನಿಗಳ ಉಪದೇಶದಿಂದ ಸಮ್ಯಕ್ತ್ವವನ್ನು ಪಡೆಯಿತೆಂದು ಪುರಾಣಗಳು ಹೇಳುತ್ತವೆ. ಹೀಗಿರುವಾಗ ನಮ್ಮ ಮಸೂರದ ಎದುರಿಗೆ ಬರುವ ಪ್ರಾಣಿಯನ್ನು ಕೇವಲ ‘ವಸ್ತು’ವೆಂದು ಹೇಗೆ ಭಾವಿಸುವುದು? ಅದೂ ಮೋಕ್ಷದ ದಾರಿಯಲ್ಲಿರಬಹುದಾದ ಜೀವ.

ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ನಿಲ್ಲಿಸಿದ ಬಾಹುಬಲಿಯ 58 ಅಡಿ ಎತ್ತರದ ಮೂರ್ತಿಯನ್ನು ನೆನೆಯೋಣ. ಪಾದಗಳ ಪಕ್ಕದಲ್ಲಿ ಹುತ್ತಗಳು, ಅವುಗಳಿಂದ ಹೊರಬರುತ್ತಿರುವ ಸರ್ಪಗಳು, ತೊಡೆತೋಳುಗಳಿಗೆ ಹಬ್ಬಿದ ಮಾಧವೀಲತೆ. ಆ ಸ್ವಾಮಿಯ ನಿಶ್ಚಲತೆಯಿಂದ ಯಾವ ಜೀವಕ್ಕೂ ಭಯವಾಗಲಿಲ್ಲ. ಹಾವುಗಳು ಕೂಡ ತಮ್ಮ ನೆಲೆಯೆಂದು ತಿಳಿದವು. ಎಲೆಗಳ ಮರೆಯಲ್ಲಿ ಗಂಟೆಗಟ್ಟಲೆ ಕುಳಿತುಕೊಳ್ಳುವ ಛಾಯಾಗ್ರಾಹಕನಿಗೆ ಇದಕ್ಕಿಂತ ದೊಡ್ಡ ಆದರ್ಶವಿಲ್ಲ. ಆದರೆ ಒಂದು ವರ್ಷ ಹಾಗೆ ನಿಂತ ಬಾಹುಬಲಿಗೂ ಒಳಗಿನ ಒಂದು ಸೂಕ್ಷ್ಮ ಶಲ್ಯವು ಕಳೆಯುವವರೆಗೆ ಕೇವಲಜ್ಞಾನವಾಗಲಿಲ್ಲ ಎಂದು ಕಥೆ ಹೇಳುತ್ತದೆ. ಅಲುಗಾಡದೆ ಕುಳಿತ ಮಾತ್ರಕ್ಕೆ ಸಾಲದು. ‘ಸಿಗಲೇಬೇಕು’ ಎಂಬ ಮುಳ್ಳೂ ಹೋಗಬೇಕು.

ಮತ್ತೆ ಕೆರೆಯ ದಂಡೆಗೆ ಬರುತ್ತೇನೆ. ತರುಣನು ಕಲ್ಲನ್ನು ಕೆಳಗಿಟ್ಟಿದ್ದ. ನನ್ನ ಮಾತನ್ನು ಒಪ್ಪಿ ಅಲ್ಲ, ವಯಸ್ಸಿಗೆ ಕೊಟ್ಟ ಮರ್ಯಾದೆಯಿಂದ. ನಾವು ಕಾದೆವು. ನೀರಹಕ್ಕಿಯನ್ನು ಒಮ್ಮೆ ಬೆದರಿಸಿ ಹಾರಿಸಿದರೆ ಅದು ಮೇಯುವ ಹೊತ್ತನ್ನೂ ಕೂಡಿಟ್ಟ ಕಸುವನ್ನೂ ಕಳೆದುಕೊಳ್ಳುತ್ತದೆ ಎಂದು ಆತನಿಗೆ ಹೇಳಿದೆ. ಹಿಮಾಲಯವನ್ನು ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳಿಗೆ ಆ ಕಸುವೇ ಹಿಂದಿರುಗುವ ದಾರಿಯ ಬುತ್ತಿ. ಕಲ್ಲು ನೀರಿಗೆ ಬಿದ್ದರೂ ಪೆಟ್ಟು ಬೀಳುವುದು ಆ ಬುತ್ತಿಗೆ.

ಬಿಸಿಲೇರಿದಾಗ ಕೊಕ್ಕರೆಗಳು ಒಂದೊಂದಾಗಿ ರೆಕ್ಕೆ ಬಿಚ್ಚಿ ಮೇಲೆದ್ದವು. ಅಷ್ಟರಲ್ಲಿ ನನ್ನ 36 ಮುಗಿದಿತ್ತು. ತರುಣನು ಒಂದೆರಡು ಚಿತ್ರಗಳನ್ನು ತೆಗೆದು, ಆಮೇಲೆ ಕ್ಯಾಮೆರಾವನ್ನು ಇಳಿಸಿ ಸುಮ್ಮನೆ ನೋಡುತ್ತ ನಿಂತ. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿನಿಂದಿಳಿದಾಗ, “ಸರ್, ಆ ಪಿಕಳಾರದ ಚಿತ್ರ ಈಗಲೂ ಇದೆಯೇ?” ಎಂದು ಕೇಳಿದ.

ಇದೆ. ದಶಲಕ್ಷಣ ಪರ್ವವು ಮುಗಿದು ಕ್ಷಮಾವಣಿಯ ದಿನ ಬಂಧುಮಿತ್ರರೆಲ್ಲರಲ್ಲಿ ಕ್ಷಮೆ ಬೇಡುವ ಮೊದಲು ನಾನು ಅದನ್ನು ಹೊರತೆಗೆಯುತ್ತೇನೆ. ಮೂರು ಮರಿಗಳು ಈಗಲೂ ಬಾಯ್ದೆರೆದೇ ಇವೆ. ಎಲ್ಲ ಜೀವಿಗಳನ್ನೂ ಕ್ಷಮಿಸುತ್ತೇನೆ, ಎಲ್ಲ ಜೀವಿಗಳೂ ನನ್ನನ್ನು ಕ್ಷಮಿಸಲಿ ಎಂಬ ಭಾವನೆಯನ್ನು ಮೊದಲು ಅವುಗಳ ಮುಂದೆ ಭಾವಿಸುತ್ತೇನೆ. ಕ್ಯಾಮೆರಾ ಇರಲಿ, ಮೊಬೈಲ್ ಇರಲಿ, ಅದನ್ನು ಮುಂದಿನ ಸಲ ಒಂದು ಜೀವದ ಕಡೆಗೆ ಎತ್ತುವ ಮೊದಲು ಓದುಗರು ಒಂದು ಕ್ಷಣ ತಡೆದು, ‘ನಾನು ಬಂದುದರಿಂದ ಇದಕ್ಕೆ ಏನಾಯಿತು?’ ಎಂದು ತಮ್ಮನ್ನು ಕೇಳಿಕೊಂಡರೆ ಈ ಲೇಖನ ಸಾರ್ಥಕ. ಏನೂ ಆಗಿಲ್ಲವೆಂಬ ಉತ್ತರ ಬಂದರೆ ನಿಶ್ಚಿಂತೆಯಿಂದ ಚಿತ್ರ ತೆಗೆಯಿರಿ.

ಜೈ ಜಿನೇಂದ್ರ.